ಜ್ಞಾನಸ್ನಾನದ ನಂತರವೂ ಉಳಿಯುವ ಪಾಪ

ಕನ್ನಡದ ಆಡುಮಾತಿನಲ್ಲಿ ‘ಪಾಪ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಮಾಡಬಾರದ್ದನ್ನು ಮಾಡಿದವನನ್ನು ಪಾಪಿ ಎನ್ನುತ್ತಾರೆ. ಕಷ್ಟಕ್ಕೆ ಸಿಕ್ಕವನನ್ನು ಕಂಡರೆ ‘ಪಾಪ’ ಎಂದು ಮರುಗುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬೈಬಲನ್ನು ಕನ್ನಡಕ್ಕೆ ತಂದವರು ಈ ವಿಷಯಕ್ಕೆ ಹೊಸ ಪದವನ್ನು ಕಟ್ಟಲಿಲ್ಲ. ಜನರ ಬಾಯಲ್ಲಿದ್ದ ಈ ಪದವನ್ನೇ ಬಳಸಿಕೊಂಡರು. ತಪ್ಪಿತಸ್ಥನೂ ಮರುಕಕ್ಕೆ ಅರ್ಹನೂ ಆದ ಮನುಷ್ಯ ಎಂಬ ಕ್ರೈಸ್ತ ಕಲ್ಪನೆಗೆ ಅದು ಚೆನ್ನಾಗಿಯೇ ಹೊಂದಿಕೊಂಡಿತು.

ಕ್ರೈಸ್ತ ಮತಕ್ಕೆ ಸೇರುವವರು ನೀರಿನ ದೀಕ್ಷೆ ಪಡೆಯುತ್ತಾರೆ. ಕಥೊಲಿಕರು ಅದನ್ನು ಜ್ಞಾನಸ್ನಾನ ಎಂದೂ ಪ್ರಾಟೆಸ್ಟೆಂಟರು ದೀಕ್ಷಾಸ್ನಾನ ಎಂದೂ ಕರೆಯುತ್ತಾರೆ. ಅದರಿಂದ ಪಾಪವೆಲ್ಲ ತೊಳೆದುಹೋಗುತ್ತದೆ ಎಂಬುದು ನಂಬಿಕೆ. ಹಾಗಾದರೆ ದೀಕ್ಷೆ ಪಡೆದವನಿಗೆ ಮಾರನೆಯ ದಿನ ಸಂತೆಯಲ್ಲಿ ಸಿಟ್ಟು ಬರುವುದು ಏಕೆ? ತೂಕದಲ್ಲಿ ಮೋಸ ಮಾಡುವ ಮನಸ್ಸು ಏಕೆ ಹುಟ್ಟುತ್ತದೆ? ಬಿಟ್ಟೆ ಎಂದುಕೊಂಡ ಕುಡಿತ ಮತ್ತೆ ಏಕೆ ಕರೆಯುತ್ತದೆ? ಎರಡು ಸಾವಿರ ವರ್ಷಗಳಿಂದ ಕ್ರೈಸ್ತರನ್ನು ಕಾಡುತ್ತ ಬಂದ ಪ್ರಶ್ನೆ ಇದು.

ಬೆಳಗಾವಿ ನಗರ ಮತ್ತು ಖಾನಾಪುರದ ಕ್ರೈಸ್ತರಿಗೆ ಈ ಪ್ರಶ್ನೆ ಬರಿಯ ಉಪದೇಶದ ವಿಷಯವಾಗಿರಲಿಲ್ಲ. ಇವರ ಹಿರಿಯರಲ್ಲಿ ಬಹಳ ಮಂದಿ ಗೋವೆಯಿಂದ ಘಟ್ಟ ಹತ್ತಿ ಬಂದವರು. ಉಳಿದ ಪಾಪ ಯಾವುದು, ಅದನ್ನು ಹುಡುಕುವವರು ಯಾರು ಎಂಬ ತೀರ್ಮಾನ ಅವರು ಬಿಟ್ಟುಬಂದ ನಾಡಿನಲ್ಲಿ ಒಂದು ಕಾಲಕ್ಕೆ ಮನೆಯಂಗಳದ ಗಿಡವನ್ನೂ ಮದುವೆಯ ಹಾಡನ್ನೂ ಬಿಟ್ಟಿರಲಿಲ್ಲ.

ಆರಿದ ಒಲೆಯ ಕಿಡಿ

ಒಳ್ಳೆಯದನ್ನು ಮಾಡಬೇಕೆಂದು ಬಯಸಿದರೂ ಬೇಡವಾದುದನ್ನೇ ಮಾಡುವ ತನ್ನ ಪಾಡನ್ನು ಮೊದಲು ವಿವರವಾಗಿ ಬರೆದವನು ಸಂತ ಪೌಲ. ರೋಮಿನ ಕ್ರೈಸ್ತರಿಗೆ ಆತ ಬರೆದ ಪತ್ರದ ಏಳನೆಯ ಅಧ್ಯಾಯದಲ್ಲಿ ಈ ಒಳಜಗಳದ ಚಿತ್ರವಿದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಉತ್ತರ ಆಫ್ರಿಕದ ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡ. ಹಳೆಯ ಅಭ್ಯಾಸ ಸಂಕೋಲೆಯಂತೆ ಮನಸ್ಸನ್ನು ಕಟ್ಟಿಹಾಕುತ್ತದೆ ಎಂಬುದು ಆತನ ಅನುಭವ.

ಹದಿನಾರನೆಯ ಶತಮಾನದಲ್ಲಿ ಯೂರೋಪಿನ ಚರ್ಚು ಒಡೆದಾಗ ಈ ವಿಷಯವೂ ಎರಡು ದಾರಿ ಹಿಡಿಯಿತು. ಜರ್ಮನಿಯ ಮಾರ್ಟಿನ್ ಲೂಥರ್ 1517ರಲ್ಲಿ ಪ್ರಕಟಿಸಿದ 95 ವಾದಗಳಲ್ಲಿ ಮೊದಲನೆಯದೇ ಕ್ರೈಸ್ತನ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕು ಎಂಬುದು. ನಂಬಿದವನು ದೇವರ ಕಣ್ಣಿನಲ್ಲಿ ನೀತಿವಂತ, ತನ್ನಲ್ಲಿ ತಾನು ಇನ್ನೂ ಪಾಪಿ, ಎರಡೂ ಏಕಕಾಲಕ್ಕೆ ನಿಜ ಎಂದು ಆತ ವಾದಿಸಿದ. ಕಥೊಲಿಕ ಚರ್ಚಿನ ಟ್ರೆಂಟ್ ಮಹಾಸಭೆ 1546ರಲ್ಲಿ ಬೇರೊಂದು ಉತ್ತರ ಕೊಟ್ಟಿತು. ಜ್ಞಾನಸ್ನಾನದಿಂದ ಪಾಪ ನಿಜವಾಗಿಯೂ ಹೋಗುತ್ತದೆ. ಆದರೆ ಪಾಪದ ಕಡೆಗೆ ವಾಲುವ ಒಲವು ಉಳಿಯುತ್ತದೆ. ಆ ಒಲವು ತಾನಾಗಿಯೇ ಪಾಪವಲ್ಲ, ಅದಕ್ಕೆ ಮನಸ್ಸು ಒಪ್ಪಿಗೆ ಕೊಟ್ಟಾಗಷ್ಟೇ ಪಾಪ. ಈ ಒಲವಿಗೆ ಸಭೆ ಬಳಸಿದ ಲ್ಯಾಟಿನ್ ಪದದ ಮೂಲ ಅರ್ಥ ‘ಬೇಗ ಬೆಂಕಿ ಹತ್ತುವ ತರಗು’. ಒಲೆ ಆರಿದೆ, ಆದರೆ ಪಕ್ಕದಲ್ಲಿ ಒಣ ತರಗು ಬಿದ್ದಿದೆ, ಕಿಡಿ ತಗುಲದಂತೆ ದಿನವೂ ನೋಡಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ.

ಇದು ಕನ್ನಡ ಓದುಗರಿಗೆ ತೀರ ಅಪರಿಚಿತ ವಿಚಾರವೇನಲ್ಲ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳೆಂಬ ಅರಿಷಡ್ವರ್ಗವನ್ನು ಇಲ್ಲಿನ ದಾಸರೂ ಶರಣರೂ ಒಳಗಿನ ಶತ್ರುಗಳೆಂದೇ ಕರೆದರು. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗರಿ ಪಾಪದ ಬೇರುಗಳ ಪಟ್ಟಿ ಮಾಡಿದ. ಮುಂದೆ ಅದು ಗರ್ವ, ಲೋಭ, ಕಾಮ, ಮತ್ಸರ, ಹೊಟ್ಟೆಬಾಕತನ, ಕ್ರೋಧ, ಸೋಮಾರಿತನ ಎಂಬ ಏಳು ಮೂಲಪಾಪಗಳಾಗಿ ನೆಲೆಗೊಂಡಿತು. ಎರಡೂ ಪಟ್ಟಿಗಳಲ್ಲಿ ಐದು ಹೆಸರುಗಳು ಒಂದೇ. ಕ್ರೈಸ್ತರ ಪಟ್ಟಿಯಲ್ಲಿ ಸೋಮಾರಿತನಕ್ಕೂ ಜಾಗವಿರುವುದು ಗಮನಾರ್ಹ. ಪ್ರಾರ್ಥನೆಗೆ ಬೇಸರಪಡುವ ಸನ್ಯಾಸಿಯ ಜಡತ್ವವನ್ನು ಉದ್ದೇಶಿಸಿ ಅದು ಮೊದಲು ಸೇರಿತು.

ವೀಳ್ಯದೆಲೆಯ ಮೇಲೆ ಕಣ್ಣು

ಒಳಗಿನ ಈ ಶತ್ರುಗಳನ್ನು ಹೊರಗೆ ಹುಡುಕಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಗೋವೆಯ ಇತಿಹಾಸ ಸಾಕ್ಷಿ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. ತಿಸವಾಡಿ, ಬಾರ್ದೇಸ್, ಸಾಷ್ಟಿ ಪ್ರಾಂತಗಳಲ್ಲಿ ಊರಿಗೆ ಊರೇ ಕ್ರೈಸ್ತವಾಯಿತು. ಹೊಸಬರು ಹಳೆಯ ಪದ್ಧತಿಗಳನ್ನು ಬಿಟ್ಟಿದ್ದಾರೆಯೇ ಎಂಬ ಅನುಮಾನ ಅಧಿಕಾರಿಗಳನ್ನು ಕಾಡತೊಡಗಿತು. 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ, ಅಂದರೆ ಇನ್‌ಕ್ವಿಸಿಷನ್, ಗೋವೆಯಲ್ಲಿ ಆರಂಭವಾಯಿತು. ನಡುವೆ 1774ರಿಂದ 1778ರವರೆಗೆ ನಿಂತಿದ್ದನ್ನು ಬಿಟ್ಟರೆ 1812ರವರೆಗೆ ಅದು ನಡೆಯಿತು. ಮೊದಲ ಎರಡು ಶತಮಾನಗಳಲ್ಲೇ 16 ಸಾವಿರಕ್ಕೂ ಹೆಚ್ಚು ಮೊಕದ್ದಮೆಗಳು ಅದರ ಮುಂದೆ ಬಂದವು.

1736ರಲ್ಲಿ ಈ ನ್ಯಾಯಾಲಯ ಹೊರಡಿಸಿದ ಶಾಸನವನ್ನು ಇಂದು ಓದಿದವರಿಗೆ ಆಶ್ಚರ್ಯವಾಗುತ್ತದೆ. ಮದುವೆಯಲ್ಲಿ ವೀಳ್ಯದೆಲೆ, ಅಡಿಕೆ, ಹೂವು ಹಂಚಬಾರದು. ‘ವೊವಿಯೊ’ ಎಂಬ ಕೊಂಕಣಿ ಮದುವೆ ಹಾಡುಗಳನ್ನು ಹಾಡಬಾರದು. ವಧೂವರರಿಗೆ ಅರಿಸಿನ ಹಚ್ಚಬಾರದು. ಮನೆಯ ಅಂಗಳದಲ್ಲಿ ತುಳಸಿ ಇರಬಾರದು. ಏಕಾದಶಿಯ ದಿನ ಉಪವಾಸ ಮಾಡಬಾರದು. ಅನ್ನವನ್ನು ಉಪ್ಪು ಹಾಕದೆ ಬೇಯಿಸಬಾರದು. ಗಂಡಸರು ಧೋತರ ಉಡಬಾರದು, ಹೆಂಗಸರು ಚೋಳಿ ತೊಡಬಾರದು. ಉಪ್ಪಿಲ್ಲದ ಅನ್ನದಲ್ಲೂ ಹಳೆಯ ದೇವರ ನೆನಪು ಅಡಗಿರಬಹುದೆಂದು ವಿಚಾರಣಾಧಿಕಾರಿಗಳು ಭಾವಿಸಿದ್ದರು.

ಇಂಥ ಕಾನೂನಿಗೆ ನೆರೆಯವರ ದೂರೇ ಆಧಾರ. ಯಾರ ಮನೆಯಲ್ಲಿ ಅಡುಗೆ ಹೇಗೆ ನಡೆಯುತ್ತದೆ, ಮದುವೆಯ ಹಿಂದಿನ ರಾತ್ರಿ ಯಾರು ಏನು ಹಾಡಿದರು ಎಂಬುದನ್ನು ಹೇಳಬಲ್ಲವರು ಆಳುಗಳು, ನೆಂಟರು, ಅಕ್ಕಪಕ್ಕದವರು. ದೂರು ಕೊಟ್ಟವನ ಹೆಸರು ಆರೋಪಿಗೆ ತಿಳಿಯುತ್ತಿರಲಿಲ್ಲ. ಬಂಧಿತನಾಗಿ ಗೋವೆಯ ವಿಚಾರಣಾ ಸೆರೆಮನೆಯಲ್ಲಿದ್ದ ಫ್ರೆಂಚ್ ವೈದ್ಯ ಶಾರ್ಲ್ ದೆಲ್ಲೋನ್ ಬಿಡುಗಡೆಯಾದ ಮೇಲೆ 1687ರಲ್ಲಿ ತನ್ನ ಅನುಭವವನ್ನು ಪ್ರಕಟಿಸಿದಾಗ ಯೂರೋಪಿನ ಓದುಗರಿಗೆ ಈ ಗುಟ್ಟಿನ ವ್ಯವಸ್ಥೆ ತಿಳಿಯಿತು.

ಘಟ್ಟದ ಮೇಲಿನ ಖಾನಾಪುರ

ಗೋವೆಯ ಪೂರ್ವಕ್ಕೆ ಸಹ್ಯಾದ್ರಿ. ಘಟ್ಟ ಹತ್ತಿದರೆ ಮಲಪ್ರಭೆ ಹುಟ್ಟುವ ಕಣಕುಂಬಿ, ಮುಂದೆ ಖಾನಾಪುರ, ಅದರಾಚೆ ಬೆಳಗಾವಿ. ಈ ನೆಲ ಮೊದಲು ಬಿಜಾಪುರದ ಆದಿಲಶಾಹಿಗಳದ್ದು, ಅನಂತರ ಮರಾಠರದ್ದು. ಪೋರ್ಚುಗೀಸ್ ನ್ಯಾಯಾಲಯದ ಕೈ ಇಲ್ಲಿಗೆ ಮುಟ್ಟುತ್ತಿರಲಿಲ್ಲ. ಖಾನಾಪುರ ತಾಲ್ಲೂಕಿನ ಖಾನಾಪುರ, ನಂದಗಡ, ಲೋಂಡಾ ಮೊದಲಾದ ಕಡೆ ಇಂದು ಕಾಣುವ ಕಥೊಲಿಕ ಕುಟುಂಬಗಳಲ್ಲಿ ಹೆಚ್ಚಿನವರು ಗೋವೆಯ ಮೂಲದವರು. ಚರ್ಚಿನಲ್ಲಿ ಕೊಂಕಣಿ, ಪೇಟೆಯಲ್ಲಿ ಮರಾಠಿ ಮತ್ತು ಕನ್ನಡ ಅವರಿಗೆ ಸಹಜ.

ಗೋವೆಯನ್ನು ಬಿಟ್ಟವರೆಲ್ಲ ಇನ್‌ಕ್ವಿಸಿಷನ್ನಿಗೆ ಹೆದರಿಯೇ ಬಿಟ್ಟರು ಎನ್ನುವುದು ಸರಿಯಲ್ಲ. ತೆರಿಗೆಯ ಭಾರ, ಬರ, ರೋಗರುಜಿನ, 1683ರಲ್ಲಿ ಸಂಭಾಜಿಯ ದಂಡು ಮತ್ತು 1739ರಲ್ಲಿ ಮರಾಠರ ದಂಡು ನಡೆಸಿದ ದಾಳಿಗಳು, ಜಮೀನಿನ ಆಸೆ, ಎಲ್ಲವೂ ಕಾರಣಗಳೇ. ಬ್ರಿಟಿಷರ ಕಾಲದಲ್ಲಿ ಬೆಳಗಾವಿಯ ದಂಡುಪ್ರದೇಶದ ಕೆಲಸಗಳೂ, 1880ರ ದಶಕದ ಕೊನೆಯಲ್ಲಿ ಲೋಂಡಾ ಮಾರ್ಗವಾಗಿ ಬಂದ ರೈಲೂ ಇನ್ನಷ್ಟು ಜನರನ್ನು ಎಳೆದವು. ಗಮನಿಸಬೇಕಾದ ಸಂಗತಿ ಬೇರೆ. ಘಟ್ಟ ಹತ್ತಿದವರು ಚರ್ಚನ್ನು ಬಿಟ್ಟುಬರಲಿಲ್ಲ. ಹೆದರಿಸುವ ನ್ಯಾಯಾಲಯ ಇಲ್ಲದ ಊರಿನಲ್ಲೂ ಶಿಲುಬೆ ನೆಟ್ಟರು, ಸಂಜೆಯ ಜಪಸರ ಹೇಳಿದರು, ಪಾದ್ರಿ ಬಂದಾಗ ಪಾಪನಿವೇದನೆ ಮಾಡಿದರು. ಒತ್ತಾಯವಿಲ್ಲದೆ ಉಳಿದ ಆಚರಣೆ ಇದು.

ಪಾದ್ರಿಗಳಿಲ್ಲದ ಊರುಗಳಿಗೆ ನಡೆದು ಹೋಗಿ ನಿವೇದನೆ ಕೇಳುವ ಸಂಪ್ರದಾಯಕ್ಕೆ ಆ ಕಾಲದ ದೊಡ್ಡ ಹೆಸರು ಜೋಸೆಫ್ ವಾಜ್. ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಅವರು 1681ರಿಂದ ಮೂರು ವರ್ಷ ಕರಾವಳಿ ಕನ್ನಡದ ಸೀಮೆಯಲ್ಲಿ ಓಡಾಡಿದರು. 1687ರಲ್ಲಿ ಶ್ರೀಲಂಕೆಗೆ ಹೋಗಿ ಅಲ್ಲಿಯೇ ಜೀವ ಸವೆಸಿದರು. ಪೋಪ್ ಫ್ರಾನ್ಸಿಸ್ 2015ರ ಜನವರಿಯಲ್ಲಿ ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಎಣಿಕೆಗೆ ಬಾರದ ಪಾಪ

ಹಳೆಯ ಪದ್ಧತಿಯೆಲ್ಲ ಪಾಪವೇ ಎಂಬ ಬಗ್ಗೆ ಕಥೊಲಿಕ ಚರ್ಚಿನೊಳಗೇ ಒಮ್ಮತವಿರಲಿಲ್ಲ. 1606ರಲ್ಲಿ ಮಧುರೆಗೆ ಬಂದ ಇಟಲಿಯ ರೊಬೆರ್ತೊ ದೆ ನೊಬಿಲಿ ಕಾವಿ ಉಟ್ಟು, ಸಸ್ಯಾಹಾರಿಯಾಗಿ ಬದುಕಿದರು. ಜನಿವಾರ, ಗಂಧ, ಸ್ನಾನ ಇವು ಲೌಕಿಕ ಮರ್ಯಾದೆಗಳು, ವಿಗ್ರಹಾರಾಧನೆಯಲ್ಲ ಎಂಬುದು ಅವರ ವಾದ. ಗೋವೆಯ ಧರ್ಮಾಧಿಕಾರಿಗಳು ವಿರೋಧಿಸಿದರೂ ಪೋಪ್ ಹದಿನೈದನೆಯ ಗ್ರೆಗರಿ 1623ರಲ್ಲಿ ಷರತ್ತುಗಳೊಂದಿಗೆ ಒಪ್ಪಿಗೆ ಕೊಟ್ಟರು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಇಂಥ ಪದ್ಧತಿಗಳ ಮೇಲೆ ಮತ್ತೆ ಬಿಗಿ ಮಾಡಿದರು. ಒಂದೇ ಚರ್ಚು, ಒಂದೇ ಶಾಸ್ತ್ರ. ಒಂದು ಕಾಲಕ್ಕೆ ಒಪ್ಪಿಗೆ, ಇನ್ನೊಂದು ಕಾಲಕ್ಕೆ ನಿಷೇಧ.

ಇದಕ್ಕಿಂತ ದೊಡ್ಡ ವಿಪರ್ಯಾಸ ಜಾತಿಯದು. ತುಳಸಿ ಗಿಡವನ್ನೂ ವೀಳ್ಯದೆಲೆಯನ್ನೂ ಹುಡುಕಿದ ಗೋವೆಯ ಚರ್ಚು, ಮತಾಂತರವಾದವರ ಜೊತೆಗೇ ಬಂದ ಜಾತಿಯನ್ನು ಬಿಡಿಸಲಿಲ್ಲ. ಬಾಮಣ, ಚಾರ್ದೊ, ಶೂದ್ರ ಎಂಬ ಭೇದ ಕ್ರೈಸ್ತರಲ್ಲೂ ಮುಂದುವರಿಯಿತು. ಚರ್ಚಿನ ಉತ್ಸವಗಳನ್ನು ನಡೆಸುವ ಸೋದರಸಂಘಗಳ ಸದಸ್ಯತ್ವವೇ ಜಾತಿಯ ಮೇಲೆ ನಿಂತಿತು. ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆನ್ನುವ ಧರ್ಮದಲ್ಲಿ ನೆರೆಯವನ ಪಕ್ಕ ಕೂರಲು ಒಪ್ಪದಿರುವುದು ಉಪ್ಪಿಲ್ಲದ ಅನ್ನಕ್ಕಿಂತ ದೊಡ್ಡ ತಪ್ಪಾಗಬೇಕಿತ್ತು. ಆದರೆ 1736ರ ಪಟ್ಟಿ ಹುಡುಕಿದ್ದು ಹಳೆಯ ಆಚಾರದ ಗುರುತುಗಳನ್ನು, ಜಾತಿಯ ಗರ್ವವನ್ನಲ್ಲ.

ಬೆಳಗಾವಿಗೆ ಬಂದ ಇನ್ನೊಂದು ದಾರಿ

ಬೆಳಗಾವಿಯ ಕೋಟೆ 1818ರಲ್ಲಿ ಬ್ರಿಟಿಷರ ವಶವಾಯಿತು. ಎರಡು ವರ್ಷಗಳ ನಂತರ, 1820ರಲ್ಲಿ, ಬಳ್ಳಾರಿಯಿಂದ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಇಲ್ಲಿಗೆ ಬಂದರು. 1828ರಲ್ಲಿ ವಿಲಿಯಂ ಬೆನನ್ ಬಂದು ಸೇರಿದರು. ನಗರದ ಬೆನನ್ ಸ್ಮಿತ್ ಹೈಸ್ಕೂಲು 1832ರಲ್ಲಿ ಆರಂಭವಾದ ಮಿಷನ್ ಶಾಲೆಯ ಮುಂದುವರಿಕೆ. ಇವರ ಕೈಯಲ್ಲಿದ್ದದ್ದು ಕನ್ನಡದ ಪುಸ್ತಕ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿಗುವಂತಾಯಿತು. ಪಶ್ಚಾತ್ತಾಪ ಎಂಬುದಕ್ಕೆ ‘ಮಾನಸಾಂತರ’, ಅಂದರೆ ಮನಸ್ಸನ್ನೇ ಬೇರೆ ಮಾಡಿಕೊಳ್ಳುವುದು, ಎಂಬ ಪದ ಕನ್ನಡ ಕ್ರೈಸ್ತರಲ್ಲಿ ರೂಢವಾಯಿತು.

ಉಳಿದ ಪಾಪದ ಹೋರಾಟವನ್ನು ಕನ್ನಡದ ಗದ್ಯಕ್ಕೆ ಕಥೆಯ ರೂಪದಲ್ಲಿ ತಂದದ್ದು ಬಾಸೆಲ್ ಮಿಷನ್. ಜಾನ್ ಬನಿಯನ್ 1678ರಲ್ಲಿ ಪ್ರಕಟಿಸಿದ ಇಂಗ್ಲಿಷ್ ರೂಪಕಕಥೆಯನ್ನು ಜರ್ಮನಿಯ ಗಾಟ್‌ಫ್ರೀಡ್ ವೈಗ್ಲೆ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ 1847ರಲ್ಲಿ ಕನ್ನಡಕ್ಕೆ ತಂದರು. ಬೆನ್ನ ಮೇಲೆ ಪಾಪದ ಹೊರೆ ಹೊತ್ತು ಹೊರಟ ಯಾತ್ರಿಕನ ಕಥೆ ಅದು. ಕಥೆಯ ಆರಂಭದ ಭಾಗದಲ್ಲಿಯೇ ಶಿಲುಬೆಯ ಬಳಿ ಆ ಹೊರೆ ಕಳಚಿ ಬೀಳುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕಡಿದಾದ ಗುಡ್ಡ, ರಾಕ್ಷಸನ ಜೊತೆ ಕಾಳಗ, ಆಡಂಬರದ ಸಂತೆ, ಸಂಶಯದ ಕೋಟೆ ಎಲ್ಲವೂ ಬರುವುದು ಹೊರೆ ಬಿದ್ದ ಮೇಲೆಯೇ. ಕ್ಷಮೆ ಸಿಕ್ಕ ನಂತರವೇ ನಿಜವಾದ ಹೋರಾಟ ಶುರುವಾಗುತ್ತದೆ ಎಂಬ ಮಾತನ್ನು ಇದಕ್ಕಿಂತ ಸರಳವಾಗಿ ಹೇಳಿದ ಪುಸ್ತಕಗಳು ಕಡಿಮೆ.

ಪ್ರಾಟೆಸ್ಟೆಂಟರು ಜಾತಿಯ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ದಕ್ಷಿಣ ಭಾರತದ ಸಭೆಗಳಿಗೆ ಸುತ್ತೋಲೆ ಕಳಿಸಿ, ಚರ್ಚಿನೊಳಗೆ ಜಾತಿಭೇದವನ್ನು ಕೂಡಲೇ ಕೈಬಿಡಬೇಕೆಂದು ಆಜ್ಞೆ ಮಾಡಿದರು. ತಂಜಾವೂರಿನಂಥ ಕಡೆ ಅನೇಕ ಕುಟುಂಬಗಳು ಸಭೆಯನ್ನೇ ಬಿಟ್ಟವು. ಆಜ್ಞೆಯಿಂದ ಜಾತಿ ಹೋಗಲಿಲ್ಲ. ಆದರೆ ಅದು ಪಾಪವೆಂದು ಬಾಯಿಬಿಟ್ಟು ಹೇಳಿದಂತಾಯಿತು. ಮಿಷನರಿಗಳೂ ಎಲ್ಲ ವಿಷಯದಲ್ಲೂ ನೆಟ್ಟಗಿರಲಿಲ್ಲ. ಜಾತ್ರೆ, ನಾಟಕ, ವಾದ್ಯಗಳನ್ನು ಅನೇಕರು ಸಾರಾಸಗಟಾಗಿ ಸೈತಾನನ ಪಾಲಿಗೆ ಹಾಕಿದರು. ಯೂರೋಪಿನ ಉಡುಗೆ ಮತ್ತು ಸಂಗೀತವನ್ನು ಮಾತ್ರ ಯಾರೂ ಹಾಗೆ ಪರೀಕ್ಷಿಸಲಿಲ್ಲ.

1904ರಲ್ಲಿ ಲಂಡನ್ ಮಿಷನ್ ತನ್ನ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಚರ್ಚಿಗೆ ಒಪ್ಪಿಸಿತು. ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಉಳಿದ ಪಾಪದ ವಿಷಯಕ್ಕೇ ಮೀಸಲಾದ ಉಪದೇಶವೊಂದನ್ನು 1763ರಲ್ಲಿ ಅಚ್ಚು ಹಾಕಿಸಿದವರು. ವಿಶ್ವಾಸಿಯಲ್ಲಿ ಪಾಪ ಇರುತ್ತದೆ, ಆದರೆ ಆಳುವುದಿಲ್ಲ ಎಂಬುದು ಅದರ ತಿರುಳು. 1743ರಲ್ಲಿ ಅವರು ಮಾಡಿದ ನಿಯಮಗಳು ಮೂರೇ ಮಾತಿನಲ್ಲಿ ನಿಲ್ಲುತ್ತವೆ: ಕೆಟ್ಟದ್ದು ಮಾಡಬೇಡ, ಒಳ್ಳೆಯದನ್ನು ಮಾಡು, ಆರಾಧನೆಯನ್ನು ತಪ್ಪಿಸಬೇಡ. ಅವುಗಳ ಕೆಳಗಿರುವ ವಿವರ ಸಂತೆಪೇಟೆಯ ಬದುಕಿಗೆ ಸೇರಿದ್ದು. ಹೆಂಡ ಕುಡಿಯುವುದು ಮಾತ್ರವಲ್ಲ, ಮಾರುವುದೂ ಸಲ್ಲದು. ಸುಂಕ ತಪ್ಪಿಸಿದ ಸರಕನ್ನು ಕೊಳ್ಳಬಾರದು. ತೀರಿಸುವ ದಾರಿ ಕಾಣದೆ ಸಾಲ ಮಾಡಬಾರದು. ಅನ್ಯಾಯದ ಬಡ್ಡಿ ಪಡೆಯಬಾರದು. ಇಲ್ಲಿ ಪಾಪ ಎಂಬುದಕ್ಕೆ ಇನ್ನೊಬ್ಬನಿಗೆ ಆಗುವ ನಷ್ಟವೇ ಅಳತೆ.

ದಿನದ ಲೆಕ್ಕ

ಹೋರಾಟ ಎಂದ ಮೇಲೆ ಅದಕ್ಕೊಂದು ಕ್ರಮ ಬೇಕು. ಬೆಳಗಾವಿಯ ಕ್ರೈಸ್ತರಿಗೆ ಬೇರೆ ಬೇರೆ ಪರಂಪರೆಗಳಿಂದ ಮೂರು ಕ್ರಮಗಳು ಬಂದವು.

ಮೊದಲನೆಯದು ಪಾಪನಿವೇದನೆ, ಕೊಂಕಣಿಯಲ್ಲಿ ‘ಕುಮ್ಸಾರ್’. ವರ್ಷಕ್ಕೆ ಒಮ್ಮೆಯಾದರೂ ನಿವೇದನೆ ಕಡ್ಡಾಯ ಎಂದು 1215ರ ಲ್ಯಾಟರನ್ ಮಹಾಸಭೆ ವಿಧಿಸಿತು. ಗುರುಗಳ ಕಿವಿಯಲ್ಲಿ ಹೇಳಿದ್ದು ಹೊರಗೆ ಹೋಗುವಂತಿಲ್ಲ. ಗುಟ್ಟು ಬಿಟ್ಟುಕೊಟ್ಟ ಗುರು ತಾನೇ ಬಹಿಷ್ಕಾರಕ್ಕೆ ಒಳಗಾಗುತ್ತಾನೆ. ಹೊರಗಿನವರು ತಿಳಿದಿರುವಂತೆ ಹೇಳಿದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ನಿಜವಾದ ಪಶ್ಚಾತ್ತಾಪವಿರಬೇಕು, ತಿದ್ದಿಕೊಳ್ಳುವ ನಿರ್ಧಾರವಿರಬೇಕು, ಕದ್ದದ್ದನ್ನು ಸಾಧ್ಯವಾದಷ್ಟು ಹಿಂದಕ್ಕೆ ಕೊಡಬೇಕು. ತಕ್ಕಡಿಯಲ್ಲಿ ಮೋಸ ಮಾಡಿದ ವ್ಯಾಪಾರಿ ಪ್ರಾರ್ಥನೆ ಹೇಳಿದರೆ ಸಾಲದು, ನಷ್ಟ ತುಂಬಬೇಕು. 1973ರಲ್ಲಿ ರೋಮ್ ಈ ವಿಧಿಯನ್ನು ಪರಿಷ್ಕರಿಸಿತು. ಗುರುಗಳ ಎದುರು ಮುಖಾಮುಖಿ ಕುಳಿತು ಮಾತಾಡಲೂ ಅವಕಾಶವಾಯಿತು.

ಎರಡನೆಯದು ಜೆಸ್ವಿಟ್ ಎಂದು ಹೆಸರಾದ ಯೇಸುಸಭೆಯ ಗುರುಗಳದ್ದು. ಬೆಳಗಾವಿ ಕ್ಯಾಂಪಿನಲ್ಲಿ 1856ರಿಂದ ಇರುವ ಸೇಂಟ್ ಪಾಲ್ಸ್ ಹೈಸ್ಕೂಲಿನಿಂದ ಅವರ ಹೆಸರು ಊರಿಗೆಲ್ಲ ಪರಿಚಿತ. ಈ ಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೊಲಾ ಬರೆದ, 1548ರಲ್ಲಿ ಪೋಪರ ಒಪ್ಪಿಗೆ ಪಡೆದ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಪುಸ್ತಕದಲ್ಲಿ ಲೆಕ್ಕದ ಪುಸ್ತಕದಂಥ ಒಂದು ವಿಧಾನವಿದೆ. ಬಿಡಬೇಕಾದ ತಪ್ಪು ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ಬೆಳಿಗ್ಗೆ ಎದ್ದಾಗ ಅದನ್ನು ನೆನೆದು ಎಚ್ಚರವಾಗಬೇಕು. ಮಧ್ಯಾಹ್ನ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಇನ್ನೊಮ್ಮೆ ಎಷ್ಟು ಸಲ ಜಾರಿದೆ ಎಂದು ಎಣಿಸಿ, ಕಾಗದದ ಮೇಲೆ ಎಳೆದ ಗೆರೆಗಳಲ್ಲಿ ಅಷ್ಟು ಚುಕ್ಕೆ ಇಡಬೇಕು. ದಿನಕ್ಕೆ ಎರಡು ಗೆರೆ, ವಾರಕ್ಕೆ ಹದಿನಾಲ್ಕು. ಇಂದಿನದನ್ನು ನಿನ್ನೆಯದಕ್ಕೆ, ಈ ವಾರವನ್ನು ಹಿಂದಿನ ವಾರಕ್ಕೆ ಹೋಲಿಸಿ ನೋಡಬೇಕು. ಜಾರಿದ ಕ್ಷಣದಲ್ಲಿ ಯಾರಿಗೂ ಕಾಣದಂತೆ ಎದೆಯ ಮೇಲೆ ಕೈ ಇಟ್ಟುಕೊಂಡರೆ ಸಾಕು.

ಮೂರನೆಯದು ಮೆಥೊಡಿಸ್ಟರದ್ದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಚರ್ಚಿನ ಸಾಲ ತೀರಿಸಲು ಹನ್ನೆರಡು ಜನರ ಗುಂಪು ಮಾಡಿ ವಾರಕ್ಕೊಂದು ಪೆನ್ನಿ ಎತ್ತುವ ಏರ್ಪಾಡಾಯಿತು. ದುಡ್ಡು ಎತ್ತಲು ಹೋದ ಮುಂದಾಳುಗಳಿಗೆ ಮನೆಗಳಲ್ಲಿ ಕುಡಿತವೂ ಜಗಳವೂ ಕಣ್ಣಿಗೆ ಬಿದ್ದವು. ವೆಸ್ಲಿ ಆ ಗುಂಪುಗಳನ್ನೇ ವಾರಕ್ಕೊಮ್ಮೆ ಸೇರಿ ಸುಖದುಃಖ, ಸೋಲುಗೆಲುವು ಹೇಳಿಕೊಳ್ಳುವ ಕೂಟಗಳಾಗಿ ಮಾಡಿದರು. ಕಿವಿಯಲ್ಲಿ ಹೇಳುವ ಬದಲು ಸರೀಕರ ಮುಂದೆ ಹೇಳುವ ಪದ್ಧತಿ ಇದು. ಇಂಥ ಕೂಟದ ನೆರಳು ಚರ್ಚಿನ ಹೊರಗೂ ಚಾಚಿದೆ. ಕುಡಿತ ಬಿಟ್ಟವರ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಕೂಟ 1935ರಲ್ಲಿ ಅಮೆರಿಕದ ಅಕ್ರನ್ ಊರಿನಲ್ಲಿ ಹುಟ್ಟಿದ್ದು ಒಂದು ಕ್ರೈಸ್ತ ಸತ್ಸಂಗದ ಒಡಲಿನಿಂದ. ಅದರ ಹನ್ನೆರಡು ಹೆಜ್ಜೆಗಳಲ್ಲಿ ತನ್ನ ತಪ್ಪುಗಳ ಪಟ್ಟಿ, ಅದನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವುದು, ನಷ್ಟ ತುಂಬುವುದು, ದಿನವೂ ಲೆಕ್ಕ ನೋಡುವುದು ಎಲ್ಲವೂ ಇವೆ.

ಈ ಮೂರೂ ಕ್ರಮಗಳಿಗೆ ಒಂದು ಸಾಮ್ಯವಿದೆ. ಇಲ್ಲಿ ಎಣಿಕೆ ಮಾಡುವವನು ತಪ್ಪು ಮಾಡಿದವನೇ. ಇನ್‌ಕ್ವಿಸಿಷನ್ನಿನಲ್ಲಿ ನೆರೆಯವನ ತಪ್ಪನ್ನು ಗುಟ್ಟಾಗಿ ಹೇಳುತ್ತಿದ್ದರು. ನಿವೇದನೆಯಲ್ಲಿ ತನ್ನದನ್ನು ಗುಟ್ಟಾಗಿ ಹೇಳಬೇಕು. ಗುಟ್ಟು ಎರಡರಲ್ಲೂ ಇದೆ, ಆದರೆ ಅದು ಕಾಯುವುದು ಬೇರೆ ಬೇರೆಯವರನ್ನು.

ಮರಳಿ ಬಂದ ದೀಪ

1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ನಾಡಿನ ಪದ್ಧತಿಗಳಿಗೆ ಚರ್ಚಿನ ಬಾಗಿಲು ತೆರೆಯಿತು. 1969ರಲ್ಲಿ ಭಾರತದ ಕಥೊಲಿಕ ಆರಾಧನೆಗೆ ಹನ್ನೆರಡು ಬದಲಾವಣೆಗಳು ಒಪ್ಪಿತವಾದವು. ನೆಲದ ಮೇಲೆ ಕೂರುವುದು, ಕೈಜೋಡಿಸಿ ನಮಸ್ಕರಿಸುವುದು, ಮೇಣದ ಬತ್ತಿಯ ಜಾಗದಲ್ಲಿ ಎಣ್ಣೆಯ ದೀಪ, ಹೂವು ಮತ್ತು ಧೂಪದ ಆರತಿ ಅವುಗಳಲ್ಲಿ ಸೇರಿದ್ದವು. 1736ರಲ್ಲಿ ಮದುವೆಯ ಮನೆಯಲ್ಲಿ ಹಂಚಿದರೂ ಅಪರಾಧವಾಗಿದ್ದ ಹೂವು 1969ರಲ್ಲಿ ಪೀಠದ ಮುಂದೆಯೇ ಬಂದಿತು.

ಬೆಳಗಾವಿ ಸೀಮೆಯಲ್ಲಿ ಇದಕ್ಕೂ ಮುಂದೆ ಹೋದ ಉದಾಹರಣೆ ಬೈಲಹೊಂಗಲ ತಾಲ್ಲೂಕಿನ ದೇಶನೂರು. ಗೋವೆಯ ಜೆಸ್ವಿಟ್ ಗುರು ಅರ್ಮಾಂದೊ ಅಲ್ವಾರಿಸ್ ಅಲ್ಲಿ ಅನಿಮಾನಂದ ಸ್ವಾಮಿ ಎಂಬ ಹೆಸರಿನಿಂದ ಕಾವಿ ತೊಟ್ಟು, ಸಸ್ಯಾಹಾರಿಯಾಗಿ, ಲಿಂಗಾಯತ ಸ್ವಾಮಿಗಳ ರೀತಿಯಲ್ಲಿ ಬದುಕಿದರು. ಅಲ್ಲಿನ ಚರ್ಚನ್ನು ವಿರಕ್ತಮಠವೆಂದೇ ಕರೆಯುತ್ತಾರೆ. ಮದುವೆಯ ಪದ್ಧತಿಗಳು ಮಹಾಸಭೆಯ ಅಪ್ಪಣೆಗೂ ಕಾಯಲಿಲ್ಲ. ಕೊಂಕಣಿ ಕಥೊಲಿಕರ ಮನೆಗಳಲ್ಲಿ ಮದುವೆಯ ಮುನ್ನ ವಧೂವರರಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ‘ರೋಸ್’ ಈಗಲೂ ನಡೆಯುತ್ತದೆ. ವೊವಿಯೊ ಹಾಡುಗಳೂ ಉಳಿದಿವೆ. ಇನ್ನೂರೈವತ್ತು ವರ್ಷಗಳ ನಿಷೇಧದಿಂದ ಅವು ಸಾಯಲಿಲ್ಲ, ಅವುಗಳಿಂದ ನಂಬಿಕೆಯೂ ಕೆಡಲಿಲ್ಲ.

ಎಣಿಕೆಯಿಂದ ತಪ್ಪಿಸಿಕೊಂಡಿದ್ದ ಪಾಪವೂ ನಿಧಾನವಾಗಿ ಪಟ್ಟಿಗೆ ಬರುತ್ತಿದೆ. 2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪಾಲ್ ರೋಮಿನಲ್ಲಿ ಚರ್ಚಿನ ಮಕ್ಕಳು ಹಿಂದೆ ಮಾಡಿದ ತಪ್ಪುಗಳಿಗಾಗಿ ಕ್ಷಮೆ ಬೇಡಿದರು. ಸತ್ಯದ ಹೆಸರಿನಲ್ಲಿ ನಡೆದ ಹಿಂಸೆಯೂ ಅವುಗಳಲ್ಲಿತ್ತು. ಭಾರತದ ಕಥೊಲಿಕ ಬಿಷಪರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣಕ್ಕೆ ಒಂದು ನೀತಿಯನ್ನು ಹೊರಡಿಸಿತು. ಚರ್ಚಿನೊಳಗೂ ಜಾತಿಭೇದ ಮತ್ತು ಅಸ್ಪೃಶ್ಯತೆ ಇದೆ, ಅದು ಪಾಪ ಎಂದು ಆ ದಾಖಲೆಯಲ್ಲಿ ಒಪ್ಪಿಕೊಂಡಿತು. ಒಪ್ಪಿಕೊಂಡ ಮಾತ್ರಕ್ಕೆ ನಿವೇದನೆ ಪೂರ್ಣವಾಗುವುದಿಲ್ಲ ಎಂಬುದು ಚರ್ಚಿನದೇ ನಿಯಮ. ತಿದ್ದಿಕೊಳ್ಳುವುದೂ ನಷ್ಟ ತುಂಬುವುದೂ ಉಳಿದಿರುತ್ತವೆ.

ಬೆಳಗಾವಿ 1953ರಿಂದ ಒಂದು ಪ್ರತ್ಯೇಕ ಕಥೊಲಿಕ ಧರ್ಮಪ್ರಾಂತದ ಕೇಂದ್ರ. ಪ್ರತಿ ವರ್ಷ ಬೂದಿ ಬುಧವಾರದಂದು ಇಲ್ಲಿನ ಚರ್ಚುಗಳಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡವರು ಈಸ್ಟರ್ ಹಬ್ಬದವರೆಗೆ ಭಾನುವಾರಗಳನ್ನು ಬಿಟ್ಟು ನಲವತ್ತು ದಿನಗಳ ವ್ರತ ಹಿಡಿಯುತ್ತಾರೆ. ಶುಕ್ರವಾರಗಳಂದು ಶಿಲುಬೆಯ ಹಾದಿಯ ಹದಿನಾಲ್ಕು ಸ್ಥಳಗಳ ಮುಂದೆ ನಿಂತು ಪ್ರಾರ್ಥಿಸುತ್ತಾರೆ. ಮಾಂಸ ಬಿಡುವವರಿದ್ದಾರೆ, ಸಾರಾಯಿ ಬಿಡುವವರಿದ್ದಾರೆ, ಮಾತು ಬಿಟ್ಟ ದಾಯಾದಿಯ ಮನೆಗೆ ಹೋಗಿ ಬರುವವರೂ ಇದ್ದಾರೆ. ಯಾವುದು ಹೆಚ್ಚು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು. ಮುಂದಿನ ವರ್ಷ ಬೂದಿ ಬುಧವಾರ ಬಂದಾಗ ಅವರು ಮತ್ತೆ ಬಂದು ಸಾಲಿನಲ್ಲಿ ನಿಲ್ಲುತ್ತಾರೆ.